ಸ್ಟಿಕ್ ಅಲುಗದಿದ್ದಾಗ: 1926ರ ಜೆನ್ನಿ ಪತನವನ್ನು ಮುಂದಿಟ್ಟುಕೊಂಡು ದೋಷ ಹುಡುಕುವ ಕ್ರಮ

1926ರ ಏಪ್ರಿಲ್ 30ರ ಬೆಳಿಗ್ಗೆ ಅಮೆರಿಕದ ಫ್ಲೋರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಹಳೆಯ ಕರ್ಟಿಸ್ ಜೆನ್ನಿ ವಿಮಾನವೊಂದು ನೆಲ ಬಿಟ್ಟಿತು. ನಡೆಸುತ್ತಿದ್ದವರು 24 ವರ್ಷದ ಮೆಕ್ಯಾನಿಕ್ ವಿಲಿಯಂ ವಿಲ್ಸ್. ಇನ್ನೊಂದು ಸೀಟಿನಲ್ಲಿ 34 ವರ್ಷದ ಪೈಲಟ್ ಬೆಸ್ಸಿ ಕೋಲ್ಮನ್ ಇದ್ದರು. ಮರುದಿನದ ಪ್ರದರ್ಶನದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಎಲ್ಲಿ ಇಳಿಯಬಹುದೆಂದು ಜಾಗ ನೋಡುವುದು ಆ ದಿನದ ಕೆಲಸ. ಕಾಕ್‌ಪಿಟ್ಟಿನ ಅಂಚಿನಾಚೆ ಬಗ್ಗಿ ನೋಡಬೇಕಾಗಿದ್ದರಿಂದ ಅವರು ಬೆಲ್ಟ್ ಹಾಕಿಕೊಂಡಿರಲಿಲ್ಲ. ಹಾರಾಟ ಶುರುವಾಗಿ ಸುಮಾರು ಹತ್ತು ನಿಮಿಷವಾಗಿತ್ತು. ವಿಮಾನ ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ವೇಗ ಹಿಡಿಯಿತು, ಆಮೇಲೆ ಗಿರಕಿಗೆ ಬಿತ್ತು. ಸುಮಾರು 2,000 ಅಡಿ ಎತ್ತರದಲ್ಲಿ ಕೋಲ್ಮನ್ ಹೊರಗೆ ಎಸೆಯಲ್ಪಟ್ಟರು. ವಿಲ್ಸ್ ವಿಮಾನದೊಂದಿಗೆ ನೆಲಕ್ಕಪ್ಪಳಿಸಿದರು. ಇಬ್ಬರೂ ಉಳಿಯಲಿಲ್ಲ. ಅವಶೇಷಕ್ಕೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಆದರೂ ಉಳಿದದ್ದನ್ನು ನೋಡಿದವರಿಗೆ ಒಂದು ಸ್ಪ್ಯಾನರ್ ಸಿಕ್ಕಿತು. ಎಂಜಿನ್ ದುರಸ್ತಿಗೆ ಬಳಸಿದ್ದ ಆ ಸ್ಪ್ಯಾನರ್ ನಿಯಂತ್ರಣಗಳ ನಡುವೆ ಸಿಕ್ಕಿಕೊಂಡು ಅವನ್ನು ಬಿಗಿದುಬಿಟ್ಟಿತ್ತು.

ವಿಮಾನ ನಿರ್ವಹಣೆಯ ಪಾಠ ಹೇಳುವಾಗ ಮೊದಲ ದಿನವೇ ನಾನು ಈ ಘಟನೆಯನ್ನು ಹೇಳುತ್ತೇನೆ. ಕೋಲ್ಮನ್ ಬಗ್ಗೆ ನನಗಿರುವ ಗೌರವ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಈ ಪತನದಲ್ಲಿರುವ ಮೂರು ದೋಷಗಳು. ಮೂರೂ ಬೇರೆ ಬೇರೆ ಜಾಗದಲ್ಲಿ ಹುಟ್ಟಿದವು, ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದನ್ನು ಹಿಡಿದಿದ್ದರೆ ಎರಡನೆಯದು ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಎಣಿಕೆ. ಅದನ್ನು ಹಂತ ಹಂತವಾಗಿ ತೋರಿಸುವುದಕ್ಕಾಗಿ ಈ ಬರಹ. ಹಳೆಯ ತರಬೇತಿ ವಿಮಾನಗಳನ್ನು ಮತ್ತೆ ಹಾರುವಂತೆ ಮಾಡುವವರಿಗೆ, ನಿರ್ವಹಣೆ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರಬೇಕು.

ವಿಮಾನ ಯಾವುದು, ಏಕೆ ಅದೇ ವಿಮಾನ

ಜೆನ್ನಿ ಎಂದರೆ ಕರ್ಟಿಸ್ ಜೆಎನ್-4. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೈಲಟ್‌ಗಳಲ್ಲಿ ಹೆಚ್ಚಿನವರು ಹಾರಲು ಕಲಿತದ್ದು ಇದರಲ್ಲಿ. ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಎರಡು ಅಂತಸ್ತಿನ ರೆಕ್ಕೆ, ಒಂದರ ಹಿಂದೆ ಒಂದು ಎರಡು ತೆರೆದ ಸೀಟು. 6,000ಕ್ಕೂ ಹೆಚ್ಚು ಜೆನ್ನಿಗಳು ತಯಾರಾದವು. ಯುದ್ಧ ಮುಗಿದ ಮೇಲೆ ಸರ್ಕಾರ ಅವನ್ನು ಕೆಲವೇ ನೂರು ಡಾಲರ್‌ಗೆ ಮಾರಿತು. ಊರೂರು ಸುತ್ತಿ ಹಾರಾಟ ತೋರಿಸುವವರೆಲ್ಲ ಕೊಂಡರು. ವಿಮಾನಕ್ಕಾಗಲಿ ನಡೆಸುವವರಿಗಾಗಲಿ ಮೆಕ್ಯಾನಿಕ್‌ಗಾಗಲಿ ಕೇಂದ್ರ ಸರ್ಕಾರದ ಪರವಾನಗಿಯ ಕಟ್ಟಳೆ ಆಗ ಇರಲಿಲ್ಲ. ಅದಕ್ಕೆ ದಾರಿ ಮಾಡಿದ ವಾಯು ವಾಣಿಜ್ಯ ಕಾಯಿದೆಗೆ ಸಹಿ ಬಿದ್ದದ್ದು 1926ರ ಮೇ 20ರಂದು, ಈ ಪತನವಾಗಿ ಸರಿಯಾಗಿ 20 ದಿನಕ್ಕೆ.

ಕೋಲ್ಮನ್ ಹಾರಲು ಕಲಿತದ್ದು ಅಮೆರಿಕದಲ್ಲಲ್ಲ. ಕಪ್ಪು ಹೆಣ್ಣುಮಗಳೆಂದು ಅಲ್ಲಿನ ಶಾಲೆಗಳು ಬಾಗಿಲು ತೆರೆಯಲಿಲ್ಲ. ಷಿಕಾಗೋದಲ್ಲಿ ದುಡಿದು, ಫ್ರೆಂಚ್ ಭಾಷೆ ಕಲಿತು, ಫ್ರಾನ್ಸಿಗೆ ಹೋಗಿ ನ್ಯೂಪೋರ್ 82 ವಿಮಾನದಲ್ಲಿ ತರಬೇತಿ ಪಡೆದು 1921ರ ಜೂನ್ 15ರಂದು ಅಂತರರಾಷ್ಟ್ರೀಯ ಪರವಾನಗಿ ಗಳಿಸಿದರು. ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ ಅವರೇ ಮೊದಲಿಗರು. ತಮ್ಮವರಿಗಾಗಿ ಒಂದು ಹಾರಾಟದ ಶಾಲೆ ತೆರೆಯಬೇಕೆಂಬುದು ಅವರ ಹಟ. ಅದಕ್ಕೆ ಹಣ ಬೇಕು, ಹಣಕ್ಕೆ ಪ್ರದರ್ಶನ ಬೇಕು, ಪ್ರದರ್ಶನಕ್ಕೆ ಕೈಗೆಟುಕುವ ವಿಮಾನ ಬೇಕು. ಕೈಗೆಟುಕಿದ್ದು ಹಳೆಯ ಜೆನ್ನಿ. ದೋಷ ಹುಡುಕುವಾಗ ಇದನ್ನು ಬದಿಗಿಡಬಾರದು. ಸವೆದ ವಿಮಾನ ಒಬ್ಬರ ಕೈಗೆ ಏಕೆ ಬಂತು ಎಂಬುದು ಆ ವಿಮಾನದ ಚರಿತ್ರೆಯ ಮೊದಲ ಸಾಲು.

ಮೊದಲ ಹೆಜ್ಜೆ: ಕಂಡದ್ದನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳುವುದು

ಯಾವುದೇ ಪತನದ ಮಾತು ಬಂದರೂ ಜನ ಕಾರಣದಿಂದ ಶುರುಮಾಡುತ್ತಾರೆ. ನಾವು ಲಕ್ಷಣದಿಂದ ಶುರುಮಾಡಬೇಕು. ಒಂದು ಹಾಳೆ ತೆಗೆದುಕೊಂಡು, ಏನಾಯಿತೋ ಅದನ್ನು ಆದ ಕ್ರಮದಲ್ಲಿ ಬರೆಯಿರಿ. ಏಕೆ ಆಯಿತು ಎಂಬ ಮಾತು ಆ ಹಾಳೆಯಲ್ಲಿ ಬರಬಾರದು. ಜಾಕ್ಸನ್‌ವಿಲ್‌ನ ಹಾಳೆ ಹೀಗಿರುತ್ತದೆ: ಸಮತಟ್ಟಾಗಿ ಹಾರುತ್ತಿತ್ತು, ಮೂತಿ ತಗ್ಗಿತು, ವೇಗ ಏರಿತು, ಗಿರಕಿ ಬಂತು, ಒಬ್ಬರು ಹೊರಬಿದ್ದರು, ನೆಲಕ್ಕೆ ಬಡಿಯಿತು.

ಇಲ್ಲಿ ಬೆಲೆಬಾಳುವ ಸಾಲು ಮೂರನೆಯದು. ಮೂತಿ ತಗ್ಗಿದಾಗ ವೇಗ ಏರುತ್ತಿತ್ತೋ, ಅಥವಾ ಅದಕ್ಕೆ ಮುಂಚೆ ವೇಗ ಇಳಿದಿತ್ತೋ? ಸ್ಟಾಲ್ ಆಗಿ, ಅಂದರೆ ವೇಗ ಸಾಲದೆ ರೆಕ್ಕೆಯ ಎತ್ತುವ ಬಲ ಕಳೆದುಕೊಂಡು, ಬೀಳುವ ವಿಮಾನ ಮೊದಲು ನಿಧಾನವಾಗುತ್ತದೆ. ರೆಕ್ಕೆಗಳ ನಡುವಿನ ತಂತಿಗಳ ಹಾಡು ತಗ್ಗುತ್ತದೆ, ಸ್ಟಿಕ್ (ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲು) ಸಡಿಲವಾಗುತ್ತದೆ, ಆಮೇಲೆ ಒಂದು ರೆಕ್ಕೆ ಜೋಲುತ್ತದೆ. ಎಂಜಿನ್ ನಿಂತ ವಿಮಾನವೂ ತಾನಾಗಿ ಡೈವ್ ಹೊಡೆಯುವುದಿಲ್ಲ. ಮೂತಿ ಸ್ವಲ್ಪ ಇಳಿಸಿಕೊಂಡು ಜಾರಿಕೊಂಡು ಬರುತ್ತದೆ. ನೆಟ್ಟಗೆ ಹಾರುತ್ತಿದ್ದ ವಿಮಾನ ವೇಗ ಕಳೆದುಕೊಳ್ಳದೆ ಮೂತಿ ತಗ್ಗಿಸಿ ವೇಗ ಹಿಡಿದರೆ ಮೂರೇ ಕಡೆ ಹುಡುಕಬೇಕು. ನಡೆಸುವವರೇ ಸ್ಟಿಕ್ ಮುಂದಕ್ಕೆ ತಳ್ಳಿರಬೇಕು, ಮೂತಿಯನ್ನು ಏರಿಳಿಸುವ ಬಾಲದ ಹಲಗೆಯಾದ ಎಲಿವೇಟರಿನ ದಾರಿಯಲ್ಲಿ ಏನೋ ಕೆಟ್ಟಿರಬೇಕು, ಇಲ್ಲವೇ ವಿಮಾನದ ಮೈಯೇ ಮುರಿದಿರಬೇಕು.

ಮೈ ಮುರಿದಿದ್ದರೆ ಅದು ನೆಲದ ಮೇಲೆ ಗೊತ್ತಾಗುತ್ತದೆ. ಗಾಳಿಯಲ್ಲಿ ಕಳಚಿದ ರೆಕ್ಕೆಯ ತುಂಡು, ಬಾಲದ ತುಂಡು ಮುಖ್ಯ ಅವಶೇಷದಿಂದ ದೂರ, ವಿಮಾನ ಬಂದ ದಾರಿಯುದ್ದಕ್ಕೂ ಬಿದ್ದಿರುತ್ತವೆ. ಎಲ್ಲವೂ ಒಂದೇ ಗುಡ್ಡೆಯಲ್ಲಿ ಇದ್ದರೆ ನಿಯಂತ್ರಣದ ಕಡೆಗೆ ತಿರುಗಿ.

ಸ್ಟಿಕ್ ಬಿಗಿಯುವ ಬಗೆ

ಈ ಘಟನೆಯ ಹಲವು ಕಥನಗಳಲ್ಲಿ ಸ್ಪ್ಯಾನರ್ ‘ಗಿಯರ್ ಬಾಕ್ಸ್‌ಗೆ ಬಿತ್ತು’ ಎಂದು ಬರೆದಿರುತ್ತಾರೆ. ಓದಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಜೆನ್ನಿಯ ಓಎಕ್ಸ್-5 ಎಂಜಿನ್ನಿನಲ್ಲಿ ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್ ಶಾಫ್ಟಿಗೇ ಕೂತಿರುತ್ತದೆ. ವೇಗ ತಗ್ಗಿಸುವ ಗಿಯರ್ ಪೆಟ್ಟಿಗೆ ನಡುವೆ ಇಲ್ಲ. ಎಂಜಿನ್ ಒಳಗಿನ ಹಲ್ಲಿನ ಚಕ್ರಕ್ಕೆ ಸ್ಪ್ಯಾನರ್ ಸಿಕ್ಕಿದ್ದರೆ ಎಂಜಿನ್ ನಿಲ್ಲುತ್ತಿತ್ತು, ಸ್ಟಿಕ್ ಬಿಗಿಯುತ್ತಿರಲಿಲ್ಲ. ಜೆನ್ನಿಯ ಎಲಿವೇಟರ್, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಏಲೆರಾನ್‌ಗಳು ಓಡುವುದು ಉಕ್ಕಿನ ಕೇಬಲ್ ಮತ್ತು ರಾಟೆಗಳ ಮೇಲೆ. ಆದ್ದರಿಂದ ಆ ಕಥನಗಳ ‘ಗಿಯರ್’ ಎಂಬುದನ್ನು ‘ನಿಯಂತ್ರಣದ ಸಲಕರಣೆ’ ಎಂದು ಓದಿಕೊಳ್ಳಬೇಕು. ಯಾವ ಭಾಗ ಎಂದು ಸರಿಯಾಗಿ ಹೆಸರಿಡದೆ ದೋಷ ಹುಡುಕಲು ಹೊರಟರೆ ತಪ್ಪು ಜಾಗದ ಮುಚ್ಚಳ ಬಿಚ್ಚುತ್ತೀರಿ.

ಆ ಕಾಲದ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಎರಡು ಸ್ಟಿಕ್‌ಗಳು ನೆಲದ ಹಲಗೆಯ ಮಟ್ಟದಲ್ಲಿ ಒಂದು ಕೊಳವೆಯಿಂದ ಜೋಡಿಸಲ್ಪಟ್ಟಿರುತ್ತವೆ. ಮುಂದಿನವರು ಎಳೆದರೆ ಹಿಂದಿನದೂ ಬರುತ್ತದೆ. ಅಲ್ಲಿಂದ ಕೇಬಲ್‌ಗಳು ಬಾಲದವರೆಗೆ ಹೋಗಿ, ಎಲಿವೇಟರಿನ ಮೇಲೆ ಕೆಳಗೆ ಚಾಚಿಕೊಂಡಿರುವ ಕೊಂಬುಗಳಿಗೆ ಕಟ್ಟಿಕೊಳ್ಳುತ್ತವೆ. ಚೌಕಟ್ಟಿನೊಳಗೆಲ್ಲ ಖಾಲಿ ಜಾಗ. ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವೆ ಇಂದಿನಂತೆ ಭದ್ರವಾಗಿ ಮುಚ್ಚಿದ ಗೋಡೆ ಇರುತ್ತದೆಂದು ನಂಬುವ ಹಾಗಿಲ್ಲ. ಸಡಿಲ ವಸ್ತು ಅಲ್ಲಿ ಸೇರಿದರೆ ಮೂತಿ ಎತ್ತಿದಾಗ ಬಾಲದ ಕಡೆಗೆ ಜಾರುತ್ತದೆ, ಮೂತಿ ತಗ್ಗಿಸಿದಾಗ ಮುಂದಕ್ಕೆ ಬರುತ್ತದೆ, ಪಕ್ಕಕ್ಕೆ ವಾಲಿಸಿದರೆ ಮೂಲೆಗೆ ಹೋಗುತ್ತದೆ. ಎಷ್ಟೋ ಗಂಟೆ ಯಾರಿಗೂ ತೊಂದರೆ ಕೊಡದೆ ಅಲ್ಲೇ ಮಲಗಿರಬಹುದು. ಒಂದು ದಿನ ಕೊಳವೆಗೂ ಚೌಕಟ್ಟಿನ ಅಡ್ಡಪಟ್ಟಿಗೂ ನಡುವೆ ಸಿಕ್ಕಿಕೊಂಡಿತೆಂದರೆ ಸ್ಟಿಕ್ ಒಂದು ಕಡೆಗೆ ಹೋಗುತ್ತದೆ, ವಾಪಸು ಬರುವುದಿಲ್ಲ.

‘ನಿನ್ನೆ ಹಾರಿತ್ತಲ್ಲ, ಇವತ್ತೂ ಹಾರುತ್ತದೆ’ ಎಂಬ ಮಾತು ಸಡಿಲ ಉಪಕರಣದ ವಿಷಯದಲ್ಲಿ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ನೆಲದ ಮೇಲೆ ಪರೀಕ್ಷೆ ಮಾಡುವ ವಿಧಾನ. ಎಂಜಿನ್ ನಿಂತಿರಲಿ, ಚಕ್ರಕ್ಕೆ ಅಡ್ಡ ಇಟ್ಟಿರಲಿ. ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ, ಎಡಕ್ಕೆ, ಬಲಕ್ಕೆ, ಆಮೇಲೆ ನಾಲ್ಕು ಮೂಲೆಗೂ ಒಯ್ಯಿರಿ. ಬಹಳ ಜನ ಮೂಲೆಗಳನ್ನು ಬಿಡುತ್ತಾರೆ. ನೇರ ಚಲನೆಯಲ್ಲಿ ತಾಗದ ವಸ್ತು ಮೂಲೆಯಲ್ಲಿ ತಾಗುತ್ತದೆ. ನಿಧಾನವಾಗಿ ಮಾಡಿ, ಕಿವಿ ಕೊಡಿ. ಚಲನೆಯ ಕೊನೆಯಲ್ಲಿರುವ ತಡೆಗಟ್ಟಿಗೆ ಬಡಿದ ಸದ್ದು ಗಟ್ಟಿಯಾಗಿ, ಪ್ರತಿಸಲ ಒಂದೇ ಜಾಗದಲ್ಲಿ ಕೇಳಬೇಕು. ಅದಕ್ಕೆ ಮುಂಚೆಯೇ ಮೆತ್ತಗೆ ನಿಂತರೆ ನಡುವೆ ಏನೋ ಇದೆ. ಒಮ್ಮೆ ನಿಂತು ಇನ್ನೊಮ್ಮೆ ಸಲೀಸಾಗಿ ಹೋದರೆ ಆ ‘ಏನೋ’ ಸಡಿಲವಾಗಿದೆ, ಜಾಗ ಬದಲಿಸುತ್ತಿದೆ. ಸರಿಹೋಯಿತು ಎಂದು ಕಲಿಯುವವರು ಸಮಾಧಾನಪಟ್ಟುಕೊಳ್ಳುವುದು ಇಂಥ ಹೊತ್ತಿನಲ್ಲೇ. ಎಲ್ಲ ಲಕ್ಷಣಗಳಲ್ಲಿ ಅತಿ ಅಪಾಯದ್ದೂ ಇದೇ. ಆ ವಸ್ತು ಸಿಗುವವರೆಗೆ ವಿಮಾನ ಹಾರಬಾರದು.

ಬಾಲವನ್ನು ಎತ್ತಿ ಹಾರಾಟದ ಮಟ್ಟಕ್ಕೆ ತಂದು ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಬಾಲಚಕ್ರದ, ಬಾಲದ ಕೋಲಿನ ವಿಮಾನಗಳು ನಿಂತಾಗ ಮೂತಿ ಎತ್ತಿಕೊಂಡಿರುತ್ತವೆ. ಸಡಿಲ ವಸ್ತು ಆಗ ಹಿಂದೆ ಅಡಗಿರುತ್ತದೆ. ಬಾಲ ಎತ್ತಿದಾಗ ಮುಂದಕ್ಕೆ ಉರುಳಿ ಸದ್ದು ಮಾಡುತ್ತದೆ. ಇಬ್ಬರು ಬಾಲ ಎತ್ತಿ ಹಿಡಿದು ಮೆಲ್ಲಗೆ ಕುಲುಕುವುದು, ಇನ್ನೊಬ್ಬರು ಹೊದಿಕೆಗೆ ಕಿವಿ ಇಟ್ಟು ಆಲಿಸುವುದು: ಇಷ್ಟು ಸರಳ ಪರೀಕ್ಷೆಯಿಂದ ನಟ್ಟು, ವಾಷರ್, ಒಮ್ಮೆ ಒಂದು ಇಡೀ ಸ್ಕ್ರೂಡ್ರೈವರ್ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಆ ಸ್ಕ್ರೂಡ್ರೈವರ್ ಯಾರದೆಂದು ಕೇಳಿದಾಗ ಹ್ಯಾಂಗರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆ ಮೌನ ನನಗೆ ಇಂದಿಗೂ ನೆನಪಿದೆ.

ಇದರ ಜೊತೆಗೆ ಕೇಬಲ್‌ಗಳನ್ನೇ ನೋಡಬೇಕು. ಹತ್ತಿ ಬಟ್ಟೆಯೊಂದನ್ನು ಕೇಬಲ್ಲಿಗೆ ಸುತ್ತಿ ಉದ್ದಕ್ಕೂ ಸವರಿ. ಎಳೆ ಮುರಿದಿದ್ದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಮುರಿದ ಎಳೆ ಸೂಜಿಯಂತೆ ಚುಚ್ಚುತ್ತದೆ. ಸವೆತ ಹೆಚ್ಚು ಇರುವುದು ರಾಟೆಯ ಮೇಲೆ ಬಾಗುವ ತುಂಡಿನಲ್ಲಿ. ಆದ್ದರಿಂದ ಸ್ಟಿಕ್ಕನ್ನು ಕೊನೆಗೆ ಒಯ್ದು, ರಾಟೆಯಡಿ ಇದ್ದ ಭಾಗ ಹೊರಬರುವಂತೆ ಮಾಡಿ ನೋಡಿ. ಕೇಬಲ್ ಬಿಗಿಸುವ ಟರ್ನ್‌ಬಕಲ್‌ಗಳಿಗೆ, ಅವು ತಾವಾಗಿ ಬಿಚ್ಚದಂತೆ ತಡೆಯುವ ಲಾಕ್ ವೈರ್ ಇದೆಯೇ, ರಾಟೆ ತಿರುಗುತ್ತದೆಯೇ ಅಥವಾ ಕೇಬಲ್ ಅದರ ಮೇಲೆ ಉಜ್ಜಿಕೊಂಡು ಹೋಗುತ್ತಿದೆಯೇ ನೋಡಿ. ಕೊನೆಗೆ ದಿಕ್ಕು. ಸ್ಟಿಕ್ ಎಡಕ್ಕೆ ಹೋದರೆ ಎಡ ಏಲೆರಾನ್ ಮೇಲೇಳಬೇಕು. ಹಿಂದಕ್ಕೆ ಎಳೆದರೆ ಎಲಿವೇಟರ್ ಮೇಲೇಳಬೇಕು. ಕೇಬಲ್ ಬದಲಿಸಿದಾಗ ಅದಲುಬದಲಾಗಿ ಕಟ್ಟಿ, ಮೊದಲ ಹಾರಾಟದಲ್ಲೇ ಕಳೆದುಕೊಂಡ ವಿಮಾನಗಳು ಹಾರಾಟದ ಚರಿತ್ರೆಯಲ್ಲಿ ಒಂದೆರಡಲ್ಲ.

ಎಂಜಿನ್ ಹೇಳಿದ್ದ ಮಾತು

ಈಗ ಹಿಂದಕ್ಕೆ ಬರೋಣ. ವಿಲ್ಸ್ ಈ ಜೆನ್ನಿಯನ್ನು ಡಲ್ಲಾಸ್‌ನಿಂದ ಜಾಕ್ಸನ್‌ವಿಲ್‌ಗೆ ಹಾರಿಸಿಕೊಂಡು ಬಂದರು. ದಾರಿಯಲ್ಲಿ ಮೂರು ಬಾರಿ ತುರ್ತಾಗಿ ನೆಲಕ್ಕೆ ಇಳಿಸಬೇಕಾಯಿತು. ವಿಮಾನದ ನಿರ್ವಹಣೆ ಅಷ್ಟು ಹದಗೆಟ್ಟಿತ್ತು. ಸುದ್ದಿ ಕೇಳಿ ಕೋಲ್ಮನ್ ಅವರ ಮನೆಯವರು, ಗೆಳೆಯರು ಇದರಲ್ಲಿ ಹಾರಬೇಡ ಎಂದು ಬೇಡಿಕೊಂಡರು.

ಸ್ಪ್ಯಾನರಿನ ಮೂಲ ನನಗೆ ಕಾಣುವುದು ಇಲ್ಲಿ. ಮೂರು ಬಾರಿ ಇಳಿದರೆ ಮೂರು ಬಾರಿ ಎಂಜಿನ್ನಿನ ಮೇಲೆ ಕೈಯಾಡಿರಬೇಕು. ಅಷ್ಟೂ ಬಾರಿ ಉಪಕರಣಗಳು ಚೀಲದಿಂದ ಹೊರಬಂದು, ಹೊಲದಲ್ಲೋ ಬಯಲಲ್ಲೋ, ಆತುರದಲ್ಲಿ, ಒಬ್ಬರೇ ಇರುವಾಗ, ಮತ್ತೆ ಒಳಗೆ ಹೋಗಿರಬೇಕು. ಒಂದು ಸ್ಪ್ಯಾನರ್ ಮರೆಯಲು ಇಷ್ಟು ಸಾಕು. ನಿಯಂತ್ರಣ ಬಿಗಿದ ದೋಷ ಎಂಜಿನ್ ದೋಷದ ಹೊಟ್ಟೆಯಲ್ಲಿ ಹುಟ್ಟಿತು. ಮೊದಲ ತುರ್ತು ಇಳಿಕೆಯಲ್ಲೇ ಎಂಜಿನ್ನಿನ ನಿಜವಾದ ರೋಗ ಹಿಡಿದು, ಸರಿಯಾದ ಜಾಗದಲ್ಲಿ ಬಿಚ್ಚಿ ಸರಿಮಾಡಿದ್ದರೆ ಉಳಿದ ಎರಡು ಸಲ ಸ್ಪ್ಯಾನರ್ ಹೊರಗೆ ಬರುವ ಸಂದರ್ಭವೇ ಬರುತ್ತಿರಲಿಲ್ಲ.

ಹಾಗಾದರೆ ಓಎಕ್ಸ್-5ರ ರೋಗ ಹಿಡಿಯುವುದು ಹೇಗೆ? ಎಂಟು ಸಿಲಿಂಡರ್, ವಿ ಆಕಾರ, ನೀರಿನಿಂದ ತಂಪಾಗುವ ಎಂಜಿನ್, 90 ಅಶ್ವಶಕ್ತಿ, ನಿಮಿಷಕ್ಕೆ 1,400 ಸುತ್ತು. ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊ ಒಂದೇ, ಪ್ರತಿ ಸಿಲಿಂಡರಿಗೂ ಒಂದೇ ಸ್ಪಾರ್ಕ್ ಪ್ಲಗ್. ಕವಾಟದ ಕೈಗಳು ತೆರೆದ ಗಾಳಿಯಲ್ಲೇ ಕುಣಿಯುತ್ತವೆ, ಅವಕ್ಕೆ ಕೈಯಿಂದಲೇ ಗ್ರೀಸ್ ಕೊಡಬೇಕು. ಇದರಲ್ಲಿ ಎಂಜಿನ್ ಹೇಗೆ ನಿಂತಿತು ಎಂಬುದೇ ಏಕೆ ನಿಂತಿತು ಎಂಬುದನ್ನು ಅರ್ಧ ಹೇಳಿಬಿಡುತ್ತದೆ.

ಗುಂಡಿ ಒತ್ತಿದಂತೆ ಒಂದೇ ಏಟಿಗೆ ಎಲ್ಲ ಸಿಲಿಂಡರ್ ಸತ್ತರೆ ಮ್ಯಾಗ್ನೆಟೊ ಅಥವಾ ಅದರ ಸ್ವಿಚ್ಚಿನ ತಂತಿ. ಎರಡು ಮ್ಯಾಗ್ನೆಟೊ ಇರುವ ಟೈಗರ್ ಮಾತ್‌ನಂಥ ಮುಂದಿನ ತಲೆಮಾರಿನ ವಿಮಾನದಲ್ಲಿ ಹಾರುವ ಮುಂಚೆ ಒಂದೊಂದನ್ನೇ ಆರಿಸಿ, ಸುತ್ತು ಎಷ್ಟು ಇಳಿಯಿತೆಂದು ನೋಡಬಹುದು. ಜೆನ್ನಿಯಲ್ಲಿ ಆ ಭಾಗ್ಯವಿಲ್ಲ. ಒಂದೇ ಇರುವುದರಿಂದ ಅದು ಬಿಸಿಯಾದಾಗ ಹೇಗೆ ನಡೆಯುತ್ತದೆ ಎಂಬುದನ್ನು ನೆಲದ ಮೇಲೆ ಎಂಜಿನ್ ಕಾಯಿಸಿಯೇ ನೋಡಬೇಕು. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಓಡುವ ಎಂಜಿನ್ನಿನಲ್ಲಿ ಮೊದಲ ಅನುಮಾನ ಮ್ಯಾಗ್ನೆಟೊ ಸುರುಳಿಯ ಮೇಲೆ ಹೋಗಬೇಕು. ಇಂಥ ದೋಷ ತುರ್ತಾಗಿ ಇಳಿದ ಪೈಲಟ್ಟಿಗೆ ಮೋಸ ಮಾಡುತ್ತದೆ. ಹೊಲದಲ್ಲಿ ಅರ್ಧ ಗಂಟೆ ಅದನ್ನೂ ಇದನ್ನೂ ಬಿಗಿದು ಚಾಲೂ ಮಾಡಿದರೆ ಓಡುತ್ತದೆ, ತಾನು ಬಿಗಿದದ್ದರಿಂದಲೇ ಓಡಿತೆಂದು ಅವರು ನಂಬುತ್ತಾರೆ.

ಕೆಮ್ಮಿ, ಚೇತರಿಸಿಕೊಂಡು, ಮತ್ತೆ ಕೆಮ್ಮಿ ನಿಂತರೆ ಪೆಟ್ರೋಲಿನ ದಾರಿ. ಟ್ಯಾಂಕಿನ ತಳದಲ್ಲಿ ನೀರು, ಜಾಲರಿಯಲ್ಲಿ ಕಸ, ಟ್ಯಾಂಕಿನ ಗಾಳಿಯ ತೂತು ಮುಚ್ಚಿರುವುದು. ಆಗೆಲ್ಲ ಡಬ್ಬಿಯಿಂದ ಪೆಟ್ರೋಲ್ ಹಾಕುವಾಗ ಆಲಿಕೆಗೆ ಮೆತ್ತನೆಯ ಚರ್ಮ ಕಟ್ಟಿ ಸೋಸುತ್ತಿದ್ದರು. ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ. ಗಾಳಿಯ ತೂತು ಮುಚ್ಚಿದೆಯೆಂದು ಅನುಮಾನವಿದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಬಂದರೆ ಕಾರಣ ಸಿಕ್ಕಿತು.

ನಿಲ್ಲದೆ, ನಿಧಾನವಾಗಿ ಬಲ ಕಳೆದುಕೊಳ್ಳುತ್ತ ಬಂದು, ಜೊತೆಗೆ ನೀರಿನ ಶಾಖ ಏರಿದ್ದರೆ ರಬ್ಬರ್ ಕೊಳವೆ, ನೀರಿನ ಪಂಪು, ರೇಡಿಯೇಟರ್. ಎಂಜಿನ್ ಲಯಬದ್ಧವಾಗಿ ಕುಂಟುತ್ತಿದ್ದರೆ, ಅಂದರೆ ಪ್ರತಿ ಎರಡು ಸುತ್ತಿಗೊಮ್ಮೆ ಒಂದು ಏಟು ತಪ್ಪುತ್ತಿದ್ದರೆ, ಒಂದೇ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಪ್ಲಗ್, ಇಲ್ಲವೇ ಗ್ರೀಸ್ ಕಾಣದೆ ಸವೆದ ಕವಾಟದ ಕೈ. ಎಂಜಿನ್ ನಿಲ್ಲಿಸಿದ ಕೂಡಲೇ ಪ್ರತಿ ಸಿಲಿಂಡರಿನ ಹೊಗೆಕೊಳವೆಯ ಬುಡಕ್ಕೆ ಎಣ್ಣೆಯ ಹನಿ ಹಾಕಿ. ಉಳಿದವು ಚುಂಯ್ ಎನ್ನುತ್ತವೆ, ಸತ್ತ ಸಿಲಿಂಡರಿನದು ಸುಮ್ಮನಿರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ಲಗ್ ಬದಲಿಸಿ, ಜಾಲರಿ ತೊಳೆದು, ಮ್ಯಾಗ್ನೆಟೊ ಬಿಂದುಗಳನ್ನೂ ಉಜ್ಜಿ ಎಲ್ಲ ಒಟ್ಟಿಗೆ ಮಾಡಿದರೆ ಎಂಜಿನ್ ಓಡಬಹುದು. ಯಾವುದರಿಂದ ಓಡಿತೆಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ದೋಷ ಮುಂದಿನ ಊರಿನಲ್ಲಿ ಕಾಯುತ್ತಿರುತ್ತದೆ.

1923ರ ಪತನ: ಇದನ್ನು ಅದರೊಡನೆ ಬೆರೆಸಬಾರದು

ಕೋಲ್ಮನ್ ಅವರ ಬದುಕಿನಲ್ಲಿ ಇನ್ನೊಂದು ಜೆನ್ನಿ ಪತನವಿದೆ. 1923ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಮೇಲೇರಿದ ಕೂಡಲೇ, ಸುಮಾರು 300 ಅಡಿಯಲ್ಲಿ ಎಂಜಿನ್ ನಿಂತಿತು. ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು. ಬದುಕಿದರು, ಮತ್ತೆ ಹಾರಿದರು.

ಆ ಪತನದ ಹಾಳೆಯೇ ಬೇರೆ. ಇಲ್ಲಿ ವೇಗ ಏರಿಲ್ಲ, ಎಂಜಿನ್ ಬಲ ಹೋಗಿದೆ, ಎತ್ತರ ಇಲ್ಲ. ಇಂಥಲ್ಲಿ ನಿಯಂತ್ರಣ ಬಿಗಿದಿತ್ತೇ ಎಂದು ಹುಡುಕುತ್ತ ಕೂರುವುದು ವ್ಯರ್ಥ. ಎಂಜಿನ್ ಏಕೆ ನಿಂತಿತು ಎಂಬುದು ಒಂದು ಪ್ರಶ್ನೆ, ನಿಂತ ಮೇಲೆ ವಿಮಾನಕ್ಕೆ ಎಷ್ಟು ಅವಕಾಶವಿತ್ತು ಎಂಬುದು ಇನ್ನೊಂದು. ಎರಡನೆಯದಕ್ಕೆ ಲೆಕ್ಕ ಸಾಕು. ಜೆನ್ನಿಯ ಗರಿಷ್ಠ ವೇಗ ಗಂಟೆಗೆ ಸುಮಾರು 75 ಮೈಲಿ, ಸ್ಟಾಲ್ ಆಗುವ ವೇಗ ಸುಮಾರು 45. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿಸಿ ತಿರುಗಿಸಿದರೆ ಸ್ಟಾಲ್ ವೇಗ ಶೇ 19ರಷ್ಟು ಏರಿ 53ರ ಆಚೆಗೆ ಹೋಗುತ್ತದೆ. 60 ಡಿಗ್ರಿ ವಾಲಿಸಿದರೆ ಶೇ 41ರಷ್ಟು ಏರಿ ಸುಮಾರು 64. ಎಂಜಿನ್ ಪೂರ್ತಿ ಬಲದಲ್ಲಿದ್ದರೂ ಸಿಗುವ ಅಂತರ ಅಷ್ಟು ಕಿರಿದು. ಎಂಜಿನ್ ನಿಂತ ಮೇಲೆ ಹಾರಿದ ಮೈದಾನಕ್ಕೇ ವಾಪಸು ತಿರುಗಲು ಹೊರಟವರು ಗಿರಕಿಗೆ ಬೀಳುವುದು ಇದರಿಂದ. ಗಿರಕಿಯಿಂದ ಹೊರಬರುವ ದಾರಿಯನ್ನು ನೋಡುಗರ ಮುಂದೆ 1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಲಾರ್ಕ್‌ಹಿಲ್‌ನಲ್ಲಿ ತೋರಿಸಿಕೊಟ್ಟ ವಿಲ್ಫ್ರೆಡ್ ಪಾರ್ಕ್, ಅದೇ ವರ್ಷದ ಡಿಸೆಂಬರಿನಲ್ಲಿ ವೆಂಬ್ಲಿಯ ಬಳಿ ಎಂಜಿನ್ ತೊಂದರೆಯಾದಾಗ ವಾಪಸು ತಿರುಗಲು ಯತ್ನಿಸಿ ಬಿದ್ದು ತೀರಿಕೊಂಡರು. ಗಿರಕಿ ಬಿಡಿಸುವುದನ್ನು ಬಲ್ಲವರನ್ನೂ ಸಾಲದ ಎತ್ತರ ಬಿಡಲಿಲ್ಲ.

ನೆಲದ ಮೇಲಿನ ಸಾಕ್ಷ್ಯ

ಅವಶೇಷವನ್ನು ಮುಟ್ಟುವ ಮುಂಚೆ ನೋಡಬೇಕಾದದ್ದು ಪ್ರೊಪೆಲ್ಲರ್. ಮರದ ಪ್ರೊಪೆಲ್ಲರ್ ಬಲದಿಂದ ತಿರುಗುತ್ತಿದ್ದರೆ ಎರಡೂ ಅಲಗು ಸಿಗುರು ಸಿಗುರಾಗಿ ದೂರ ಚೆಲ್ಲಿರುತ್ತವೆ. ನಿಂತಿದ್ದರೆ ನೆಲಕ್ಕೆ ತಾಗಿದ ಒಂದು ಅಲಗು ಮುರಿದು, ಇನ್ನೊಂದು ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಎಂಜಿನ್ನಿನ ಪಾತ್ರವನ್ನು ಇದೊಂದೇ ಬಹುಮಟ್ಟಿಗೆ ಇತ್ಯರ್ಥ ಮಾಡುತ್ತದೆ.

ಆಮೇಲೆ ಕೇಬಲ್‌ಗಳ ತುದಿ. ನೆಲಕ್ಕೆ ಬಡಿದಾಗಿನ ಎಳೆತಕ್ಕೆ ಹರಿದ ಕೇಬಲ್ ಪೊರಕೆಯಂತೆ ಬಿರಿದಿರುತ್ತದೆ, ಒಂದೊಂದು ಎಳೆಯ ತುದಿಯೂ ಸಣ್ಣದಾಗಿ ಎಳೆದಂತಿರುತ್ತದೆ. ಹಾರಾಟಕ್ಕೆ ಮುಂಚೆಯೇ ಸವೆದು ಮುರಿಯುತ್ತ ಬಂದ ಎಳೆಗಳ ಪಕ್ಕ ಚಪ್ಪಟೆಯಾಗಿ, ಉಜ್ಜಿದ ಹೊಳಪಿನಿಂದಲೋ ತುಕ್ಕಿನಿಂದಲೋ ಕೂಡಿರುತ್ತದೆ.

ಇನ್ನು ಸ್ಪ್ಯಾನರ್. ಅವಶೇಷದಲ್ಲಿ ಉಪಕರಣ ಸಿಕ್ಕಿದ ಮಾತ್ರಕ್ಕೆ ಅದೇ ಕಾರಣವೆಂದು ಬರೆಯಬಾರದು. ಮೆಕ್ಯಾನಿಕ್ ಹಾರಿಸುತ್ತಿದ್ದ ವಿಮಾನದಲ್ಲಿ ಸ್ಪ್ಯಾನರ್ ಇರುವುದು ಸಹಜ. ನೋಡಬೇಕಾದದ್ದು ಅದು ಎಲ್ಲಿ, ಹೇಗೆ ಕೂತಿತ್ತು ಎಂಬುದನ್ನು. ಬಿಗಿದುಕೊಂಡ ಉಪಕರಣದ ಮೇಲೆ ಒತ್ತಿದ ಗುರುತು ಇರುತ್ತದೆ, ಅದನ್ನು ಒತ್ತಿದ ಕೊಳವೆಯ ಅಥವಾ ರಾಟೆಯ ಮೇಲೂ ಜೋಡಿ ಗುರುತು ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಬೀಗಕ್ಕೆ ಕೀಲಿಯಂತೆ ಕೂಡಬೇಕು. ಸ್ಟಿಕ್ ಸಿಕ್ಕಿಕೊಂಡಾಗ ಮನುಷ್ಯ ಎರಡೂ ಕೈಯಿಂದ, ಜೀವ ಉಳಿಸಿಕೊಳ್ಳುವ ಬಲದಿಂದ ಎಳೆಯುತ್ತಾನೆ. ಆ ಬಲ ಲೋಹದ ಮೇಲೆ ಬರೆದಿರುತ್ತದೆ.

ಜಾಕ್ಸನ್‌ವಿಲ್‌ನಲ್ಲಿ ಇಂಥ ಸಾಕ್ಷ್ಯದ ಬಹುಪಾಲು ಬೂದಿಯಾಯಿತು. ಪೆಟ್ರೋಲ್ ಚೆಲ್ಲಿದ್ದ ಅವಶೇಷದ ಬಳಿ ನಿಂತಿದ್ದವರೊಬ್ಬರು ಸಿಗರೇಟು ಹಚ್ಚಲು ಗೀರಿದ ಕಡ್ಡಿಯಿಂದ ಬೆಂಕಿ ಹತ್ತಿತೆಂದು ದಾಖಲೆಯಾಗಿದೆ. ಆದ್ದರಿಂದ ಪತನದ ಜಾಗ ತಲುಪಿದವರ ಮೊದಲ ಕೆಲಸ ಗಾಯಾಳುಗಳನ್ನು ಹೊರಗೆ ತರುವುದು. ಎರಡನೆಯದು ಸ್ವಿಚ್ ಆರಿಸಿ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಜನರನ್ನು ದೂರ ನಿಲ್ಲಿಸುವುದು. ಚಿತ್ರ, ಅಳತೆ, ಟಿಪ್ಪಣಿ ಎಲ್ಲ ಆಮೇಲೆ.

ಮೂರನೆಯ ದೋಷ ಬೆಲ್ಟ್. ವಿಮಾನ ಬಿದ್ದುದಕ್ಕೆ ಅದು ಕಾರಣವಲ್ಲ, ಕೋಲ್ಮನ್ ಅವರ ಸಾವಿನ ರೀತಿಗೆ ಕಾರಣ. ವರದಿ ಬರೆಯುವಾಗ ಈ ಎರಡನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬೆರೆಸಿದರೆ ಓದುವವರು ಬೆಲ್ಟಿನ ಮೇಲೆ ತಪ್ಪು ಹೊರಿಸಿ ಸ್ಪ್ಯಾನರನ್ನು ಮರೆಯುತ್ತಾರೆ. ಕೆಳಗೆ ನೋಡುವ ಕೆಲಸ ಇದ್ದುದರಿಂದ ಬೆಲ್ಟ್ ತೆಗೆದಿದ್ದರು. ಆ ಕೆಲಸಕ್ಕೆ ತಕ್ಕ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ ಕೊಡಬೇಕಾಗಿತ್ತು.

ಮತ್ತೆ ಆಗದಂತೆ

ಇಂದು ಒಳ್ಳೆಯ ಹ್ಯಾಂಗರಿನಲ್ಲಿ ಉಪಕರಣಗಳಿಗೆ ನೆರಳು ಹಲಗೆ ಇರುತ್ತದೆ. ಪ್ರತಿ ಸ್ಪ್ಯಾನರಿನ ಆಕಾರವನ್ನೇ ಹಲಗೆಯ ಮೇಲೆ ಬಣ್ಣದಲ್ಲಿ ಬರೆದು, ಅದರ ಮೇಲೆ ಅದನ್ನು ತೂಗುಹಾಕುತ್ತಾರೆ. ಒಂದು ಇಲ್ಲದಿದ್ದರೆ ಆ ಖಾಲಿ ಆಕಾರ ದೂರದಿಂದಲೇ ಕಾಣುತ್ತದೆ. ಹೊಲದಲ್ಲಿ ಕೆಲಸ ಮಾಡುವವರಿಗೆ ಹಲಗೆ ಇಲ್ಲ. ಬಟ್ಟೆಯ ಸುರುಳಿ ಚೀಲ ಸಾಕು. ಪ್ರತಿ ಉಪಕರಣಕ್ಕೆ ಒಂದೊಂದು ಹೊಲಿದ ಜೇಬು, ಜೇಬಿನ ಮೇಲೆ ಅಂಕಿ. ಬಿಚ್ಚುವಾಗ ಎಣಿಸಿ, ಮುಚ್ಚುವಾಗ ಎಣಿಸಿ, ಎರಡು ಅಂಕಿಯನ್ನೂ ಲಾಗ್ ಪುಸ್ತಕದಲ್ಲಿ ಬರೆಯಿರಿ. ಅಂಕಿ ಕೂಡದಿದ್ದರೆ ವಿಮಾನ ನಿಲ್ಲುತ್ತದೆ. ಪ್ರದರ್ಶನದ ಟಿಕೆಟ್ ಮಾರಾಟವಾಗಿದ್ದರೂ ನಿಲ್ಲುತ್ತದೆ.

ನಿಯಂತ್ರಣದ ಯಾವುದೇ ಭಾಗವನ್ನು ಮುಟ್ಟಿದ ಮೇಲೆ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ಇಬ್ಬರೂ ಸಹಿ ಹಾಕುವ ಪದ್ಧತಿ ನಮ್ಮ ದೇಶದಲ್ಲೂ ಇದೆ. ಎರಡನೆಯವರು ಮೊದಲಿನವರ ಸಹಿ ನೋಡಿ ಸಹಿ ಹಾಕಿದರೆ ಅದು ಒಂದೇ ಪರೀಕ್ಷೆ. ಮೊದಲಿನವರು ದೂರ ಹೋಗಲಿ, ಎರಡನೆಯವರು ಟಾರ್ಚ್ ಹಿಡಿದು ತಾವೇ ಮೊದಲಿಂದ ನೋಡಲಿ, ಸ್ಟಿಕ್ಕನ್ನು ನಾಲ್ಕು ಮೂಲೆಗೆ ತಾವೇ ಒಯ್ಯಲಿ. ವಿಲ್ಸ್‌ಗೆ ಆ ಎರಡನೆಯವರು ದಾರಿಯಲ್ಲಿ ಎಲ್ಲೂ ಇದ್ದಂತೆ ಕಾಣುವುದಿಲ್ಲ. ದುರಸ್ತಿ ಮಾಡಿದವರೂ ಅವರೇ, ಹಾರಿಸಿದವರೂ ಅವರೇ.

ಗಾಳಿಯಲ್ಲಿರುವಾಗಲೇ ಸ್ಟಿಕ್ ಬಿಗಿದರೆ ಮೊದಲು ಎಂಜಿನ್ ಬಲ ತಗ್ಗಿಸಲು ಥ್ರಾಟಲ್ ಹಿಂದಕ್ಕೆ. ವೇಗ ಏರುತ್ತ ಹೋದರೆ ರೆಕ್ಕೆ ಉಳಿಯುವುದಿಲ್ಲ. ಸಿಕ್ಕಿಕೊಂಡ ದಿಕ್ಕಿಗೇ ಇನ್ನಷ್ಟು ಎಳೆಯುವುದರ ಬದಲು ಒಂದು ಕ್ಷಣ ಬಂದ ದಿಕ್ಕಿಗೆ ಸಡಿಲಿಸಿ, ಪಕ್ಕಕ್ಕೆ ಅಲುಗಿಸಿ, ಮತ್ತೆ ಎಳೆಯಿರಿ. ಬೆಣೆಯಂತೆ ಕೂತ ವಸ್ತು ಹಾಗೆ ಬಿಡಿಸಿಕೊಳ್ಳುವ ಸಾಧ್ಯತೆ ಇದೆ. ಇನ್ನೊಂದು ಸೀಟಿನವರಿಗೆ ಕೂಗಿ ಹೇಳಿ. ಅವರ ಕಾಲು, ಚೀಲ, ಕೋಟಿನ ಅಂಚು ಸ್ಟಿಕ್ಕಿಗೆ ಸಿಕ್ಕಿರಬಹುದು. ಎರಡು ಸೀಟಿನವರೂ ಒಟ್ಟಿಗೆ ಎಳೆದರೆ ಬಲ ಇಮ್ಮಡಿಯಾಗುತ್ತದೆ. ಇಷ್ಟಕ್ಕೂ ಕೆಲವು ಸಾವಿರ ಅಡಿ ಎತ್ತರ ಬೇಕು, ಸೀಟಿನಲ್ಲಿ ಇಬ್ಬರೂ ಕಟ್ಟಿಕೊಂಡಿರಬೇಕು.